ದೇವರಾಜ ಮಾರುಕಟ್ಟೆಯಲ್ಲಿ ಕಲಿತ ಛಾಯಾಗ್ರಹಣ

ಹೆಸರಾಂತ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರು ಮೈಸೂರಿನ ನಮ್ಮ ಮಹಾರಾಜ ಕಾಲೇಜಿನಲ್ಲೇ ಓದಿದವರೆಂಬ ಸಂಗತಿಯನ್ನು ನನಗೆ ಮೊದಲು ತಿಳಿಸಿದವರು ಇತಿಹಾಸ ಪಾಠ ಮಾಡುತ್ತಿದ್ದ ನಮ್ಮ ಮೇಷ್ಟ್ರು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬನುಮಯ್ಯ ಶಾಲೆಯಲ್ಲಿ ಕಲಿತು, 1944ರಲ್ಲಿ ಇಲ್ಲಿಂದ ಪದವಿ ಪಡೆದ ಸತ್ಯನ್, ಡೆಕ್ಕನ್ ಹೆರಾಲ್ಡ್ ಮತ್ತು ಇಲ್ಲಸ್ಟ್ರೇಟೆಡ್ ವೀಕ್ಲಿಗಳಿಗೆ ದುಡಿದು, ಮುಂದೆ ಅಮೆರಿಕದ ಲೈಫ್ ಪತ್ರಿಕೆಗೂ ಚಿತ್ರಗಳನ್ನು ಕಳುಹಿಸಿದವರು. ಸಿಡುಬು ನಿರ್ಮೂಲನದ ಕೆಲಸವನ್ನು ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಳ್ಳಿಹಳ್ಳಿಗಳಲ್ಲಿ ಚಿತ್ರಿಸಿದ್ದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡಿದ್ದವು. ಮೇಷ್ಟ್ರು ಪತ್ರಿಕೆಗಳಿಂದ ಕತ್ತರಿಸಿ ಕಾಪಾಡಿಕೊಂಡಿದ್ದ ಆ ಚಿತ್ರಗಳನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತಾ, ಇವೂ ಚರಿತ್ರೆಯ ದಾಖಲೆಗಳೇ ಎಂದು ಹೇಳುತ್ತಿದ್ದರು.

ಆ ಕಾಲಕ್ಕೆ ನಮ್ಮಂಥ ಹುಡುಗರ ಕಣ್ಣಿನಲ್ಲಿ ಒಳ್ಳೆಯ ಛಾಯಾಚಿತ್ರವೆಂದರೆ ರಂಗನತಿಟ್ಟಿನ ಹಕ್ಕಿ ಅಥವಾ ಕುಕ್ಕರಹಳ್ಳಿ ಕೆರೆಯ ಸೂರ್ಯೋದಯ. ಅಂಥ ಚಿತ್ರಗಳ ಹಿಂದಿನ ಶ್ರಮವನ್ನು ನಾನು ಇಂದಿಗೂ ಗೌರವಿಸುತ್ತೇನೆ. ಆದರೆ ಸತ್ಯನ್ ಅವರ ಚಿತ್ರಗಳಲ್ಲಿದ್ದ ತಾಯಂದಿರು, ಶಾಲೆಯ ಮಕ್ಕಳು, ದುಡಿಯುವ ಜನರು ನಾನು ದಿನವೂ ಎದುರಾಗುತ್ತಿದ್ದ ಜನರೇ ಆಗಿದ್ದರು, ಮತ್ತು ಅವರಲ್ಲಿ ಯಾರೊಬ್ಬರನ್ನೂ ಆ ಕ್ಯಾಮೆರಾ ಕುಗ್ಗಿಸಿ ತೋರಿಸಿರಲಿಲ್ಲ. ನಾನು ಛಾಯಾಗ್ರಾಹಕನಾಗಬೇಕೆಂದು ನಿಶ್ಚಯಿಸಿದ್ದು ಈ ಎರಡನೆಯ ಕಾರಣಕ್ಕಾಗಿ.

ಬೆಳಗಿನ ತರಗತಿಗಳಿಗೆ ಮೊದಲು ದೇವರಾಜ ಮಾರುಕಟ್ಟೆಗೆ ಹೋಗಿಬರುವುದು ಹೀಗೆ ರೂಢಿಯಾಯಿತು. ಅಲ್ಲಿಗೆ ಬರುವ ಪ್ರವಾಸಿಗರೆಲ್ಲರೂ ಇಂದಿಗೂ ಮೊದಲು ತೆಗೆಯುವುದು ಗೋಪುರದಂತೆ ಪೇರಿಸಿಟ್ಟ ಕುಂಕುಮ ಮತ್ತು ಬಣ್ಣದ ಪುಡಿಗಳ ಚಿತ್ರವನ್ನು. ನನ್ನ ಬಳಿ ಇದ್ದದ್ದು ಕಪ್ಪು-ಬಿಳುಪು ಫಿಲ್ಮು. ಅದರಲ್ಲಿ ಕುಂಕುಮವೂ ಬರೀ ಬೂದು. ಬಣ್ಣದ ಆಸರೆ ಇಲ್ಲದ್ದರಿಂದಲೇ ನನ್ನ ಗಮನ ಹೂವಿನ ಸಾಲಿನಲ್ಲಿ ಕುಳಿತವರ ಕೈಗಳ ಕಡೆಗೆ ಹೊರಳಿತೆಂದು ಈಗ ಅನ್ನಿಸುತ್ತದೆ. ಟಾರ್ಪಾಲುಗಳ ಸಂದಿಯಿಂದ ಇಳಿಯುವ ಬೆಳಕು ಎಷ್ಟು ಕಡಿಮೆಯೆಂದರೆ, ಮಂದ ಬೆಳಕಿಗೂ ಸ್ಪಂದಿಸುವ 400 ವೇಗದ ಫಿಲ್ಮಿನಲ್ಲೂ ಸೆಕೆಂಡಿನ 1/60 ಭಾಗಕ್ಕಿಂತ ಬೇಗ ಶಟರ್ ಮುಚ್ಚುವಂತಿರಲಿಲ್ಲ. ಆ ವೇಗಕ್ಕೆ ಓಡುವ ಬೆರಳು ಕಲಸಿಹೋಗುತ್ತದೆ. ಆದರೆ ಮಲ್ಲಿಗೆ ಕಟ್ಟುವವರ ಕೈ, ಎರಡೆರಡು ಮೊಗ್ಗನ್ನು ಎದುರುಬದುರಾಗಿ ಇಟ್ಟು ಬಾಳೆನಾರಿನ ಕುಣಿಕೆಯನ್ನು ಬಿಗಿಯುವಾಗ, ಅರೆಗಳಿಗೆ ನಿಲ್ಲುತ್ತದೆ. ಚಿತ್ರವಿರುವುದು ಆ ನಿಲುಗಡೆಯಲ್ಲಿ. ಹೂ ಕಟ್ಟುವ ಕೆಲಸವನ್ನು ಹತ್ತಿರ ಕುಳಿತು ನೋಡದವನಿಗೆ ಅದು ಯಾವಾಗ ಬರುತ್ತದೆಂದು ತಿಳಿಯುವುದೇ ಇಲ್ಲ.

ನನಗೆ ಅದನ್ನು ತಿಳಿಸಿಕೊಟ್ಟವರು ಮೂಲೆಯ ಅಂಗಡಿಯ ಒಬ್ಬ ವಯಸ್ಸಾದ ತಾಯಿ. "ಸುಮ್ನೆ ಯಾಕಪ್ಪಾ ನಿಂತಿದ್ದೀಯ, ಬಾ, ಈ ನಾರು ಸೀಳಿಕೊಡು" ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮುಂದೆ ಅವರ ಚಿತ್ರವನ್ನು ಮುದ್ರಿಸಿ ಕೊಟ್ಟಾಗ, ಅವರು ತಮ್ಮ ಮುಖವನ್ನು ಬಿಟ್ಟು ಕೈಯಲ್ಲಿದ್ದ ಮಾಲೆಯನ್ನೇ ಬಹಳ ಹೊತ್ತು ನೋಡಿದರು. "ಇದು ಆಷಾಢ ಶುಕ್ರವಾರದ್ದು ಕಣಪ್ಪಾ, ಬೆಟ್ಟಕ್ಕೆ ಹೋಗೋರಿಗೆ ಕಟ್ಟಿದ್ದು, ನಡುವೆ ಕನಕಾಂಬರ ಹಾಕಿದ್ದೆ" ಎಂದರು. ಬೂದು ಬಣ್ಣದ ಆ ಕಾಗದದಲ್ಲಿ ಕನಕಾಂಬರವನ್ನು ಗುರುತಿಸಬಲ್ಲ ಕಣ್ಣು ನನ್ನ ಚಿತ್ರದ ಮೊದಲ ನಿಜವಾದ ವಿಮರ್ಶಕಿಯದು. ತಮ್ಮ ಚಿತ್ರ ಬೇಡವೆಂದವರ ಚಿತ್ರವನ್ನು ತೆಗೆಯಬಾರದು, ತೆಗೆದಿದ್ದರೂ ಮುದ್ರಿಸಬಾರದು ಎಂಬ ನಿಯಮವನ್ನೂ ನಾನು ಪಾಲಿಸತೊಡಗಿದ್ದು ಆ ಹೂವಿನ ಸಾಲಿನಿಂದಲೇ. ಎಲ್ಲರ ಕೈಯಲ್ಲೂ ಮೊಬೈಲ್ ಕ್ಯಾಮೆರಾ ಇರುವ ಈ ದಿನಗಳಲ್ಲಿ ಅದರ ಅಗತ್ಯ ಇನ್ನೂ ಹೆಚ್ಚಿದೆ.

ಒಂದು ಸುರುಳಿಯ ಚಿತ್ರಗಳೆಲ್ಲ ನೆಗೆಟಿವ್ ಅಳತೆಯಲ್ಲೇ ಒಂದೇ ಹಾಳೆಯಲ್ಲಿ ಅಚ್ಚಾಗಿರುವ ನನ್ನ ಕಾಂಟ್ಯಾಕ್ಟ್ ಶೀಟುಗಳನ್ನು ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಸಂಯೋಜನೆಯ ಬಗ್ಗೆ ಅವರು ಮಾತನಾಡಿದ್ದು ನನಗೆ ನೆನಪಿಲ್ಲ. ಈತ ಮಾರುತ್ತಿರುವ ವೀಳ್ಯದೆಲೆ ಎಲ್ಲಿಯದು, ಆ ದಿನ ಒಂದು ಮಾರು ಮಲ್ಲಿಗೆಗೆ ಎಷ್ಟಿತ್ತು, ಈ ಕಂಬ ಯಾವ ದ್ವಾರದ್ದು ಎಂದು ಕೇಳುತ್ತಿದ್ದರು. ಉತ್ತರಗಳನ್ನು ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಸುತ್ತಿದ್ದರು. ಅವರ ಪ್ರಶ್ನೆಗಳಿಗೆ ಉತ್ತರ ತರಲೆಂದು ಮತ್ತೆ ಮಾರುಕಟ್ಟೆಗೆ ಹೋದಾಗಲೆಲ್ಲ ಹೊಸ ಚಿತ್ರಗಳು ಸಿಗುತ್ತಿದ್ದವು. ನನ್ನ ಸ್ಫೂರ್ತಿಯ ಬಗ್ಗೆ ಯಾರಾದರೂ ಕೇಳಿದರೆ ಈ ಹೋಗಿಬರುವಿಕೆಯ ಹೊರತು ಬೇರೇನನ್ನೂ ತೋರಿಸಲಾರೆ.

2012ರಲ್ಲಿ ಮೈಸೂರಿನ ಹಳೆಯ ಅಂಗಡಿ ಸಾಲಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. ಅಲ್ಲಿಯ ಹಳೆಯ ಪುಸ್ತಕದಂಗಡಿಗಳಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ಪಠ್ಯಪುಸ್ತಕ ಕೊಂಡವರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವವೂ ಬಿದ್ದಿತು. ಕಟ್ಟಡವನ್ನು ಉಳಿಸಬೇಕೋ ಕೆಡವಬೇಕೋ ಎಂಬ ವಾದ ಅನಂತರ ವರ್ಷಗಟ್ಟಲೆ ನಡೆಯಿತು. ನಾನು ಉಳಿಸಬೇಕೆನ್ನುವವರ ಕಡೆಯವನು, ಏಕೆಂದರೆ ಆ ಸಾಲುಗಳ ಬೆಳಕು, ಅಂಗಡಿಗಳ ನಡುವಿನ ಅಂತರ, ಅಲ್ಲಿಯ ಮಾತುಕತೆ ಇವೆಲ್ಲವೂ ಆ ಕಟ್ಟಡದ ಅಳತೆಗೆ ಹೊಂದಿಕೊಂಡು ಬೆಳೆದವು. ಮೇಷ್ಟ್ರು ಬರೆಸಿದ ಪೆನ್ಸಿಲ್ ಟಿಪ್ಪಣಿಗಳ ಬೆಲೆ ನನಗೆ ಪೂರ್ತಿಯಾಗಿ ಅರ್ಥವಾದದ್ದು ಆಗ.

ಆ ಮುದ್ರಿತ ಚಿತ್ರಗಳ ಒಂದು ಪ್ರತಿಯನ್ನು ಕಾಲೇಜಿಗೆ ಕೊಡಲು ಸಿದ್ಧಪಡಿಸುತ್ತಿದ್ದೇನೆ. ಮಾರುಕಟ್ಟೆಯ ಈಗಿನ ದಿನಗಳನ್ನು ಚಿತ್ರಿಸಿ ಅವುಗಳೊಂದಿಗೆ ಸೇರಿಸಬೇಕೆನ್ನುವ ವಿದ್ಯಾರ್ಥಿಗಳಿದ್ದರೆ, ಮುಂಜಾನೆ ಹೂವಿನ ಲೋಡು ಇಳಿಯುವ ವೇಳೆಗೆ ನಾನೂ ಅವರ ಜೊತೆಗೆ ಬರುತ್ತೇನೆ.