ಫೈರ್ ಎಂಜಿನ್‌ನಲ್ಲಿ ಹೊಗೆ ಎಬ್ಬಿಸಿದವನು ನಾನು

ಬೆಂಕಿ ಆರಿಸುವವರ ಗಾಡಿಯಲ್ಲೇ ಹೊಗೆ ಎಬ್ಬಿಸಿದ ಖ್ಯಾತಿ ನನ್ನದು. ಮಡಿಕೇರಿಯ ಸಣ್ಣ ಇಂಟರ್‌ನೆಟ್ ಕಂಪನಿಯೊಂದರಲ್ಲಿ ನನಗೆ ಫೀಲ್ಡ್ ಕೆಲಸ. ಕಂಬ ಹತ್ತುವುದು, ಕೇಬಲ್ ಎಳೆಯುವುದು, ಹೋಂಸ್ಟೇಯವರ ಹತ್ತಿರ ಬೈಸಿಕೊಳ್ಳುವುದು.

2018ರ ಆಗಸ್ಟ್ ಇಲ್ಲಿ ಯಾರಿಗೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿತು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ. ಇಂಥ ಹೊತ್ತಲ್ಲಿ ಫೋನ್ ಯಾಕೆ ಸಾಯುತ್ತದೆ ಅಂದರೆ, ಮೊದಲು ಕರೆಂಟ್ ಹೋಗುತ್ತದೆ, ಟವರ್ ಕೆಲವು ಗಂಟೆ ಬ್ಯಾಟರಿಯಲ್ಲಿ ಉಸಿರಾಡುತ್ತದೆ, ಆಮೇಲೆ ಡೀಸೆಲ್ ಬೇಕು, ಆದರೆ ಡೀಸೆಲ್ ತರುವ ರಸ್ತೆಯೇ ಇರುವುದಿಲ್ಲ. ನಮ್ಮ ಕೇಬಲ್ ಕಥೆ ಬೇರೆ ಹೇಳಬೇಕಾ? ಒಂದು ಸಿಲ್ವರ್ ಮರ ಬಿದ್ದರೆ ಮುಗಿಯಿತು.

ಅದಕ್ಕೇ ಒಂದು ಅಗ್ನಿಶಾಮಕ ಠಾಣೆಯ ಜೊತೆ ಸೇರಿ ಗಾಡಿಯಲ್ಲಿ ಇಡುವ ಪೆಟ್ಟಿಗೆ ಮಾಡಿದೆವು. ಒಳಗೆ ಎರಡು ಸಿಮ್‌ನಿಂದ ನೆಟ್ ಎಳೆದು ವೈಫೈ ಕೊಡುವ ರೂಟರ್, ಗಾಡಿಯ ತಲೆ ಮೇಲೆ ಆಂಟೆನಾ. ಪೆಟ್ಟಿಗೆ ನಮ್ಮದು, ಗಾಡಿ ಅವರದು. ಒಂದೇ ಪುಟದ ಪತ್ರ, ಎರಡು ಸಹಿ, ಒಂದು ಲೋಟ ಕಾಫಿ.

ಹೊಗೆ ಎದ್ದದ್ದು ಮೊದಲ ದಿನವೇ. ಕಾರಿನ ಬ್ಯಾಟರಿ 12 ವೋಲ್ಟ್, ನಮ್ಮ ರೂಟರೂ 12 ವೋಲ್ಟ್, ಸರಿ ಅಂತ ವೈರ್ ಸೇರಿಸಿದೆ. ಆದರೆ ವಾಟರ್ ಟೆಂಡರ್, ಅಂದರೆ ನೀರು ಹೊರುವ ಈ ಫೈರ್ ಗಾಡಿ, ಲಾರಿ; ಅದರಲ್ಲಿ ಇರುವುದು 24 ವೋಲ್ಟ್. ಟಪ್ ಅಂತ ಸದ್ದು, ಪ್ಲಾಸ್ಟಿಕ್ ಸುಟ್ಟ ವಾಸನೆ. ಡ್ರೈವರ್ ಅಣ್ಣ ಅವಸರವಿಲ್ಲದೆ ಬಂದು ವೈರ್ ಕಿತ್ತು, "ನಮಗೆ ಕೆಲಸ ಕಡಿಮೆ ಅಂತ ಬಂದ್ರಾ?" ಅಂದರು. ಮರುದಿನ 24 ಅನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿದೆ.

ಇನ್ನೊಂದು ಪೆದ್ದುತನ. ಎರಡು ಕಂಪನಿಯ ಸಿಮ್ ಹಾಕಿದ್ದೇವಲ್ಲ, ಒಂದು ಹೋದರೆ ಇನ್ನೊಂದು ಇರುತ್ತದೆ ಅಂದುಕೊಂಡಿದ್ದೆವು. ಆದರೆ ಬೆಟ್ಟದ ಊರುಗಳಲ್ಲಿ ಎಷ್ಟೋ ಕಡೆ ಇಬ್ಬರ ಆಂಟೆನಾವೂ ಒಂದೇ ಟವರ್‌ಗೆ ನೇತಾಡುತ್ತಿರುತ್ತದೆ. ಆ ಟವರ್ ಸತ್ತರೆ ಎರಡೂ ಸಿಮ್ ಸತ್ತಂತೆ. ಒಂದು ವಾರ ಬೈಕಿನಲ್ಲಿ ಸುತ್ತಿ, ಜಿಗಣೆ ಕಚ್ಚಿಸಿಕೊಂಡು, ಎಲ್ಲೆಲ್ಲಿ ಬೇರೆ ಬೇರೆ ಟವರ್ ಇದೆ ಅಂತ ನೋಡಿ ಸಿಮ್ ಬದಲಾಯಿಸಿದೆವು.

ಇವೆಲ್ಲ ಸರಿಯಾಗುವ ತಪ್ಪುಗಳು. ನಿಜವಾಗಿ ನಾಚಿಕೆಯಾದದ್ದು ಮಾರ್ಚ್‌ನಲ್ಲಿ. ಒಂದು ಬಾಣೆಯ, ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗದ, ಒಣ ಹುಲ್ಲಿಗೆ ಬೆಂಕಿ ಬಿದ್ದು ಪಕ್ಕದ ಕಾಫಿ ತೋಟದ ಕಡೆ ಬರುತ್ತಿತ್ತು. ಠಾಣಾಧಿಕಾರಿ ಫೋನ್ ಮಾಡಿ, "ಏನ್ರೀ, ಲೈಟ್ ಹಸಿರಿದೆ, ವೈಫೈ ಬರ್ತಿದೆ, ಲೊಕೇಶನ್ ಮಾತ್ರ ಹೋಗ್ತಿಲ್ಲ" ಅಂದರು. ಅವರ ಫೋನ್ ಬಂದದ್ದಾದರೂ ಹೇಗೆ ಅಂದರೆ, ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದರು. ಆಫೀಸಿನಲ್ಲಿ ನೋಡಿದರೆ ಎರಡೂ ಸಿಮ್‌ನ ಪ್ಯಾಕ್ ಮುಗಿದು ಮೂರು ದಿನ. ಮುಗಿಯುತ್ತಿದೆ ಅನ್ನುವ ಮೆಸೇಜ್ ಬಂದಿತ್ತು, ಆ ಸಿಮ್‌ಗೇ. ಪೆಟ್ಟಿಗೆಯೊಳಗೆ ಕೂತ ರೂಟರ್ ಅದನ್ನು ಯಾರಿಗೆ ಓದಿ ಹೇಳಬೇಕು? ರೀಚಾರ್ಜ್ ಯಾರು ಮಾಡಬೇಕು ಅಂತ ನಮ್ಮ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ನಾವು ಅವರು ಅಂದುಕೊಂಡಿದ್ದೆವು, ಅವರು ನಾವು ಅಂದುಕೊಂಡಿದ್ದರು.

ಆಮೇಲೆ ಓದಿದಾಗ ಗೊತ್ತಾಯಿತು, ಪ್ಲಾನಿನಿಂದ ಕೆಟ್ಟವರು ನಾವೊಬ್ಬರೇ ಅಲ್ಲ. ನಮ್ಮಲ್ಲಿ ಗುಡ್ಡ ಕುಸಿದ 2018ರಲ್ಲೇ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕಾಡ್ಗಿಚ್ಚಿಗೆ ಹೋಗಿದ್ದ ಸಾಂಟಾ ಕ್ಲಾರಾ ಕೌಂಟಿಯ ಅಗ್ನಿಶಾಮಕ ಗಾಡಿಗೆ, ಡೇಟಾ ಮಿತಿ ದಾಟಿತು ಅಂತ, ಮೊಬೈಲ್ ಕಂಪನಿ ಸ್ಪೀಡನ್ನು ಇನ್ನೂರರಲ್ಲಿ ಒಂದು ಪಾಲಿಗೆ ಇಳಿಸಿತ್ತು. ಕೇಳಿದರೆ ಇನ್ನೂ ದುಬಾರಿ ಪ್ಲಾನ್ ತಗೊಳ್ಳಿ ಅಂದರಂತೆ. ಅದರ ಹೆಸರು ಅನ್‌ಲಿಮಿಟೆಡ್ ಪ್ಲಾನ್, ನೋಡಿ.

ಪತ್ರ ಹೊಸದಾಗಿ ಬರೆದೆವು. ಸಿಮ್ ಖರ್ಚು ನಮ್ಮದು, ರೀಚಾರ್ಜ್ ಬದಲು ಪೋಸ್ಟ್‌ಪೇಯ್ಡ್, ಬಿಲ್ ನನ್ನ ಹೆಸರಿನ ಮುಂದೆ. ರಾತ್ರಿ ಫೋನ್ ಎತ್ತುವವರು ಯಾರು, ಅವರು ರಜೆಯಲ್ಲಿದ್ದರೆ ಯಾರು, ಅದೂ ಇದೆ. ಜೊತೆಗೆ ಪ್ರತಿ ತಿಂಗಳು ಒಂದನೇ ತಾರೀಕು ಡ್ರೈವರ್ ಅಣ್ಣ ಪೆಟ್ಟಿಗೆ ಆನ್ ಮಾಡಿ, ಅದೇ ನೆಟ್‌ನಿಂದ ನನಗೊಂದು ಫೋಟೋ ಕಳಿಸಬೇಕು.

ಜುಲೈನ ಫೋಟೋದಲ್ಲಿ ಯಾರೋ ರೂಟರ್ ಮೇಲೆ ಒದ್ದೆ ಕಾಲುಚೀಲ ಒಣಗಲು ಹಾಕಿದ್ದರು. "ಅದು ಸ್ವಲ್ಪ ಬೆಚ್ಚಗಿರುತ್ತಲ್ವಾ" ಅಂದರು ಅಣ್ಣ. ಪತ್ರಕ್ಕೆ ಇನ್ನೊಂದು ಸಾಲು ಸೇರಿಸಿದೆ.