ಮಾಲೆ ಹಾಕಿದ ಮೂರನೆಯ ದಿನ

ಮಾನಸಿಕ ಆರೋಗ್ಯ ಮತ್ತು ವ್ಯಸನಮುಕ್ತಿ ಸಹಾಯಕಿಯಾಗುವ ತರಬೇತಿಗೆ ಸೇರಿದ ಮೊದಲ ದಿನ ನಮ್ಮೆದುರು ಚಹಾದಂಗಡಿಯ ಗಾಜಿನ ಲೋಟಗಳನ್ನೂ ಒಂದು ಬಿಂದಿಗೆ ನೀರನ್ನೂ ಇಟ್ಟು, ಕೂಲಿ ಮುಗಿಸಿ ಬಂದವನು ಒಂದು ಸಲಕ್ಕೆ ಎಷ್ಟು ಸುರಿದುಕೊಳ್ಳುತ್ತಾನೆಂದು ನಿಮಗನಿಸುತ್ತದೋ ಅಷ್ಟು ಸುರಿಯಿರಿ ಎಂದರು. ನಾನು ಸುರಿದದ್ದನ್ನು ಅಳತೆಯ ಪಾತ್ರೆಗೆ ಬಗ್ಗಿಸಿದಾಗ ತೊಂಬತ್ತು ಮಿಲಿಲೀಟರ್ ದಾಟಿತ್ತು. ಮೂವತ್ತು ಮಿಲಿಲೀಟರ್ ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ, ಅದನ್ನು ಒಂದು ಯೂನಿಟ್ ಎಂದು ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 180 ಮಿಲಿಲೀಟರ್‌ನ ಒಂದು ಕ್ವಾರ್ಟರ್ ಎಂದರೆ ಆರು ಯೂನಿಟ್. 'ಒಂದೀಟು ತಗೊಂತೀನ್ರಿ' ಎನ್ನುವವರ ಈಟು ಎಷ್ಟೆಂದು ಕೇಳಿ ತಿಳಿಯುವುದೇ ನಮ್ಮ ಕೆಲಸದ ಮೊದಲ ಪಾಠವಾಗಿತ್ತು.

ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಕಲಿಸಿದರು. ಆ ಹತ್ತರಲ್ಲಿ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಡಬೇಕಾದರೆ ಮೊದಲು ಕುಡಿಯಲೇಬೇಕು ಎನಿಸುತ್ತದೆಯೇ ಎಂಬ ಪ್ರಶ್ನೆಯನ್ನು ನಾನು ಆಗ ಉಳಿದವುಗಳಂತೆಯೇ ಓದಿ ಮುಂದೆ ಹೋಗಿದ್ದೆ. ಅದರ ತೂಕ ತಿಳಿದದ್ದು ಕಾರ್ತಿಕ ಮಾಸದಲ್ಲಿ.

ನಾನು ಮನೆ ಭೇಟಿ ಅಭ್ಯಾಸ ಮಾಡುತ್ತಿದ್ದ ಹಳ್ಳಿಯಲ್ಲಿ ಹತ್ತಾರು ವರ್ಷಗಳಿಂದ ದಿನವೂ ಕುಡಿಯುತ್ತಿದ್ದ ಒಬ್ಬರು ಅಯ್ಯಪ್ಪನ ಮಾಲೆ ಹಾಕಿದರು. ನಲವತ್ತೊಂದು ದಿನ ಒಂದು ತೊಟ್ಟನ್ನೂ ಮುಟ್ಟುವುದಿಲ್ಲವೆಂದು ಅವರು ಹೇಳಿದಾಗ, ತರಬೇತಿಯಲ್ಲಿ ಕಲಿತದ್ದೆಲ್ಲವನ್ನೂ ಬದಿಗಿಟ್ಟು, ಊರಿನ ಎಲ್ಲರಂತೆ ನಾನೂ 'ಬಹಳ ಒಳ್ಳೆಯ ಕೆಲಸ ಮಾಡಿದಿರಿ ಸ್ವಾಮಿ' ಎಂದು ಕೈಮುಗಿದು ಬಂದೆ. ಅವರ ಕೈ ನಡುಗುತ್ತಿದ್ದುದನ್ನು ಕಂಡಿದ್ದೆ, ಮುಂಜಾನೆಯ ತಣ್ಣೀರ ಸ್ನಾನದ ಚಳಿ ಇರಬೇಕೆಂದುಕೊಂಡೆ. ಮೂರನೆಯ ರಾತ್ರಿ ಅವರು ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು, ಸತ್ತುಹೋದ ಅಣ್ಣನನ್ನು ಕೂಗಿ ಮಾತನಾಡಿಸಿದರು. ವ್ರತದಲ್ಲಿ ಏನೋ ಮೈಲಿಗೆಯಾಗಿದೆ ಎಂದು ಮನೆಯವರು ಮಾಲೆ ಹಾಕಿಸಿದ ಗುರುಸ್ವಾಮಿಗಳನ್ನು ಕರೆಸಿ ವಿಭೂತಿ ಹಚ್ಚಿಸುತ್ತಾ ಬೆಳಗಿನವರೆಗೆ ಕಾದರು. ಬೆಳಿಗ್ಗೆ 108ಕ್ಕೆ ಕರೆ ಮಾಡುವ ಹೊತ್ತಿಗೆ ಅವರ ಮೈ ಸುಡುತ್ತಿತ್ತು.

ಅವರು ಬದುಕಿದರು. ಆದರೆ ಅದರಲ್ಲಿ ನನ್ನ ಪಾಲೇನೂ ಇಲ್ಲ.

ವರ್ಷಗಟ್ಟಲೆ ಮದ್ಯ ಮಂಕು ಮಾಡುತ್ತಲೇ ಇದ್ದರೆ ಮಿದುಳು ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡು ಹೊಂದಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತಾಗ ಆ ಉದ್ರೇಕವನ್ನು ತಡೆಯುವುದು ಏನೂ ಉಳಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಕೈನಡುಕ, ಹೆಚ್ಚಾಗಿ ಮೊದಲ 48 ಗಂಟೆಗಳೊಳಗೆ ಫಿಟ್ಸ್, ಎರಡರಿಂದ ನಾಲ್ಕನೆಯ ದಿನದ ನಡುವೆ ಭ್ರಮೆ ಕಾಣಿಸಿಕೊಳ್ಳಬಹುದು, ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಯಾರಿಗೆ ಆಗಬಹುದೆಂದು ಊಹಿಸಲು ಬೆಳಗಿನ ಕುಡಿತದ ಆ ಪ್ರಶ್ನೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂಬ ಇನ್ನೊಂದು ಪ್ರಶ್ನೆ ಬಹಳ ನೆರವಾಗುತ್ತವೆ. ವೈದ್ಯರು ಥಯಾಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು ಕೊಟ್ಟು, ನರಗಳನ್ನು ಶಾಂತಗೊಳಿಸುವ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಒಂದು ವಾರದಲ್ಲಿ ದಾಟಿಸಬಹುದಾದ ಹೊಳೆಗೆ ನಾವು ಭಕ್ತಿಯಿಂದ ಮನುಷ್ಯನನ್ನು ಕಣ್ಣುಕಟ್ಟಿ ಇಳಿಸುತ್ತೇವೆ.

'ಇವತ್ತೇ ಬಿಟ್ಟುಬಿಡು' ಎಂಬುದು ನಾಲಿಗೆಯ ತುದಿಯಲ್ಲೇ ಇರುವ ಬುದ್ಧಿಮಾತು. ಅದನ್ನು ನುಂಗಿಕೊಳ್ಳಲು ಕಲಿಯುವುದಕ್ಕೇ ನನ್ನ ತರಬೇತಿಯ ಅರ್ಧ ಕಾಲ ಹೋಯಿತು. ರೋಲ್ ಪ್ಲೇಗಳಲ್ಲಿ ನಾನು ಎರಡನೆಯ ವಾಕ್ಯಕ್ಕೇ ಉಪದೇಶಕ್ಕೆ ಇಳಿದುಬಿಡುತ್ತಿದ್ದೆ. ಎದುರಿಗೆ ರೋಗಿಯಾಗಿ ಕುಳಿತ ಸಹಪಾಠಿ, ಜೀವನದಲ್ಲಿ ಒಮ್ಮೆಯೂ ಕುಡಿಯದವಳು, 'ನಿಮ್ಮ ಮಾತು ಕೇಳಿ ನನಗೇ ಕುಡಿಯಬೇಕೆನಿಸಿತು' ಎಂದಿದ್ದಳು.

ಅವಸರ ಮನೆಯವರದೂ ಹೌದು. ಒಬ್ಬ ತಾಯಿ ಸೆರಗಿನ ಗಂಟಿನಿಂದ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯ ಪಟ್ಟಿಯನ್ನು ತೆಗೆದು ತೋರಿಸಿ, 'ದಿನಾ ಸಾರಿನಾಗ ಪುಡಿ ಮಾಡಿ ಹಾಕ್ತೀನವ್ವಾ, ಅವಂಗ ಗೊತ್ತಿಲ್ಲ' ಎಂದು ಪಿಸುಗುಟ್ಟಿದರು. ಆ ಮಾತ್ರೆಯ ಪರಿಣಾಮ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ನುಂಗುವವನಿಗೆ ಇದೆಲ್ಲ ತಿಳಿದು, ಅವನೇ ಒಪ್ಪಿದಾಗ ಮಾತ್ರ ಅದು ಔಷಧಿ. ಆ ತಾಯಿಯನ್ನು ಬೈಯಲು ನನಗೆ ಮನಸ್ಸಾಗಲಿಲ್ಲ, ಪಟ್ಟಿಯೊಂದಿಗೆ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ರೋಗವನ್ನು ನಿರ್ಧರಿಸುವ, ಮಾತ್ರೆ ಬರೆದುಕೊಡುವ ಅಧಿಕಾರ ನಮಗಿಲ್ಲ, ಇರಲೂಬಾರದು.

ನಾನು ಬಳ್ಳಾರಿ ಜಿಲ್ಲೆಯವಳು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ತಂದದ್ದು ಇಲ್ಲಿಯೇ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಹೆಮ್ಮೆಯ ಮಾತೇ. ಆದರೂ ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯದ ಮಂಗಳವಾರಕ್ಕಾಗಿ, ಅಂದರೆ ಮನೋವೈದ್ಯರು ಬಂದು ನೋಡುವ ದಿನಕ್ಕಾಗಿ, ಜನರನ್ನು ಸಿದ್ಧಗೊಳಿಸುವಾಗ, ಭ್ರಮೆಗೆ ವಾರದ ಲೆಕ್ಕ ಗೊತ್ತಿಲ್ಲವಲ್ಲ ಎನಿಸುತ್ತದೆ. ನಡುವಿನ ದಿನಗಳಿಗೆಂದು 14416, ಅಂದರೆ ಟೆಲಿ ಮಾನಸ್ ಸಂಖ್ಯೆಯನ್ನು ಬರೆದುಕೊಡುತ್ತೇನೆ, ತುರ್ತಾದರೆ 108.

ಈ ವರ್ಷ ಮಾಲೆ ಹಾಕುವ ಕಾಲಕ್ಕೆ ಮೊದಲೇ ಆ ಊರಿನ ಗುರುಸ್ವಾಮಿಗಳ ಮನೆಗೆ ಹೋದೆ. ಕುಡಿತ ಬಿಡಬೇಡಿರೆಂದು ಹೇಳಲು ಬಂದಿದ್ದೀಯಾ ಎಂದು ಅವರು ಮೊದಲು ಸಿಟ್ಟಾದರು. ಬೆಳಿಗ್ಗೆ ಕುಡಿಯದೆ ಕೈ ನಿಲ್ಲದವರನ್ನು ಮಾಲೆಗೆ ಮೊದಲು ಒಮ್ಮೆ ಆಸ್ಪತ್ರೆಗೆ ಕಳುಹಿಸಿಕೊಡಿ, ಅಷ್ಟೇ ಬೇಡಿಕೆ ಎಂದೆ. ಹೋದ ವರ್ಷದ ಆ ರಾತ್ರಿ ವಿಭೂತಿ ಹಚ್ಚಿದವರು ಅವರೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯ ಕ್ಯಾಲೆಂಡರ್ ಇಳಿಸಿ ತೊಡೆಯ ಮೇಲಿಟ್ಟುಕೊಂಡು, ಮಂಗಳವಾರಗಳನ್ನು ಬೆರಳಲ್ಲಿ ಎಣಿಸತೊಡಗಿದರು. 'ಮೂರು ಬರ್ತಾವ ತಾಯಿ. ನಾಕು ಮಂದಿ ಅದಾರ. ಅವರ ಕೂಡ ನಾನೂ ಬರಲೇನು?'