ವೈ-ಫೈನಲ್ಲಿ ಕಾಣುವ ಕ್ಯಾಮೆರಾ ಹೊರಗೆ ಹೋದರೆ ಯಾಕೆ ಕಾಣಲ್ಲ?

ಸಿಸಿಟಿವಿ ಕೆಲಸದಲ್ಲಿ ನನಗೆ ಜಾಸ್ತಿ ಬರುವ ಫೋನ್ ಇದು. "ಸರ್, ಇಲ್ಲೇ ಇದ್ರೆ ಮೊಬೈಲಲ್ಲಿ ಕಾಣುತ್ತೆ, ಹೊರಗೆ ಹೋದ್ರೆ ಕಾಣಲ್ಲ." ಮೊದಲೆಲ್ಲ ಇದನ್ನು ಕೇಳಿದ ತಕ್ಷಣ ನನ್ನ ಕೈ ಸೀದಾ ರೌಟರ್‌ನಲ್ಲಿ ಹೊರಗಿನಿಂದ ಬರುವವರಿಗೆ ಬಾಗಿಲು ತೆರೆಯುವ ಪೋರ್ಟ್ ಫಾರ್ವರ್ಡಿಂಗ್ ಪುಟಕ್ಕೆ ಹೋಗುತ್ತಿತ್ತು. ಆ ಅಭ್ಯಾಸ ಬಿಡಿಸಿದ್ದು ಒಂದು ಗೋದಾಮಿನ ಕೆಲಸ.

ಅಲ್ಲಿ 16 ಕ್ಯಾಮೆರಾ, ಒಂದು ಡಿವಿಆರ್ (ಎಲ್ಲಾ ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ). ಎಲ್ಲಾ ಚೆನ್ನಾಗೇ ನಡೆಯುತ್ತಿತ್ತು. ಇಂಟರ್‌ನೆಟ್ ಕನೆಕ್ಷನ್ ಬದಲಾಯಿಸಿದರು, ಹೊಸ ರೌಟರ್ ಬಂತು, ಅವತ್ತಿನಿಂದ ಹೊರಗಿನಿಂದ ನೋಡೋದು ಬಂದ್.

ಮೊದಲ ದಿನ ಪೂರ್ತಿ ಪೋರ್ಟ್‌ಗಳಲ್ಲೇ ಹೋಯಿತು. 554 ತೆರೆದೆ, 8000 ತೆರೆದೆ, ನಂಬರ್ ಬದಲಾಯಿಸಿ ನೋಡಿದೆ, ರೌಟರನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಏನೂ ಆಗಲಿಲ್ಲ. ಇನ್ನೊಂದು ತಪ್ಪೂ ಮಾಡುತ್ತಿದ್ದೆ. ಅಲ್ಲಿನ ವೈ-ಫೈನಲ್ಲೇ ಕೂತು ಹೊರಗಿನ ಐಪಿ (ಇಂಟರ್‌ನೆಟ್‌ನಲ್ಲಿ ಆ ಲೈನ್‌ನ ವಿಳಾಸ) ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಒಳಗಿನಿಂದ ಹೊರಗೆ ಹೋಗಿ ಮತ್ತೆ ತನ್ನ ಬಾಗಿಲಿಗೇ ಬರುವ ಈ ದಾರಿಯನ್ನು ಎಷ್ಟೋ ರೌಟರ್‌ಗಳು ಬಿಡೋದೇ ಇಲ್ಲ. ಹಾಗಾಗಿ ಆ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ. ಫೋನಿನಲ್ಲಿ ವೈ-ಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲೇ ನೋಡಬೇಕು.

ಎರಡನೇ ದಿನ ಬೆಳಿಗ್ಗೆ, ಮೊದಲೇ ನೋಡಬೇಕಿದ್ದ ಜಾಗವನ್ನು ನೋಡಿದೆ. ರೌಟರ್‌ನ ವ್ಯಾನ್ ಪುಟ, ಅಂದರೆ ಇಂಟರ್‌ನೆಟ್ ಕಂಪನಿ ರೌಟರ್‌ಗೆ ಕೊಟ್ಟ ಐಪಿ ಕಾಣುವ ಜಾಗ. ಅಲ್ಲಿದ್ದ ಐಪಿ 100.72ರಿಂದ ಶುರುವಾಗಿತ್ತು. ಬ್ರೌಸರ್‌ನಲ್ಲಿ ನನ್ನ ಐಪಿ ಯಾವುದು ಅಂತ ಹುಡುಕಿದರೆ ಬೇರೆಯದೇ ನಂಬರ್. 100.64ರಿಂದ 100.127ರವರೆಗಿನ ಐಪಿಗಳನ್ನು 2012ರಲ್ಲಿ ಇಂಟರ್‌ನೆಟ್ ಕಂಪನಿಗಳ ಒಳಬಳಕೆಗೆ ಅಂತ ಎತ್ತಿಟ್ಟಿದ್ದಾರೆ. ಒಂದು ಪಬ್ಲಿಕ್ ಐಪಿಯನ್ನು ತುಂಬಾ ಗ್ರಾಹಕರಿಗೆ ಹಂಚುವ ಈ ವ್ಯವಸ್ಥೆಗೆ ಸಿಜಿನ್ಯಾಟ್ ಅಂತಾರೆ. ನೂರು ಮನೆಗೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಹೊರಗಿನಿಂದ ಬಂದವರು ಕಂಪನಿಯ ಬಾಗಿಲಲ್ಲೇ ನಿಲ್ಲುತ್ತಾರೆ, ನಮ್ಮ ರೌಟರ್‌ವರೆಗೆ ಬರೋದೇ ಇಲ್ಲ. ಬರದೇ ಇದ್ದವರಿಗೆ ನಾನು ಬಾಗಿಲು ತೆರೆದು ಏನು ಪ್ರಯೋಜನ? ವ್ಯಾನ್‌ನಲ್ಲಿ 10, 192.168, ಅಥವಾ 172.16ರಿಂದ 172.31ರವರೆಗಿನ ಐಪಿ ಕಂಡರೂ ಕಥೆ ಇದೇ, ಮುಂದೆ ಇನ್ನೊಂದು ರೌಟರ್ ಇದೆ ಅಂತ ಅರ್ಥ.

ಸರಿ, ಪಿ2ಪಿ ಮಾಡೋಣ ಅಂದುಕೊಂಡೆ. ಅದರಲ್ಲಿ ಡಿವಿಆರ್ ತಾನೇ ಹೊರಗಿನ ಸರ್ವರ್‌ಗೆ ಹೋಗಿ ಕನೆಕ್ಟ್ ಆಗುತ್ತೆ, ಸಿಜಿನ್ಯಾಟ್ ಅಡ್ಡ ಬರಲ್ಲ. ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದೆ. ಆಫ್‌ಲೈನ್! ನನಗೆ ನಿಜವಾಗಿ ತಲೆ ಕೆಟ್ಟಿದ್ದು ಆಗ.

ಡಿವಿಆರ್ ಮಾನಿಟರ್ ಮುಂದೆ ಕೂತು ನೆಟ್‌ವರ್ಕ್ ಪುಟ ತೆರೆದೆ. ಐಪಿ 192.168.1.50, ಮಾಸ್ಕ್ 255.255.255.0, ಗೇಟ್‌ವೇ (ಹೊರಗೆ ಹೋಗೋಕೆ ಬಳಸುವ ರೌಟರ್‌ನ ವಿಳಾಸ) 192.168.1.1. ದಿನಾ ನೋಡುವ ನಂಬರ್‌ಗಳು, ಎಲ್ಲಾ ಸರಿಯಾಗೇ ಕಂಡವು. ಆಮೇಲೆ ರೌಟರ್‌ಗೆ ಇನ್ನೊಂದು ಸಲ ಲಾಗಿನ್ ಆಗೋಣ ಅಂತ ಲ್ಯಾಪ್‌ಟಾಪ್‌ನಲ್ಲಿ 192.168.1.254 ಅಂತ ಟೈಪ್ ಮಾಡುತ್ತಾ ಬೆರಳು ಹಾಗೇ ನಿಂತಿತು. ಎರಡು ದಿನದಿಂದ ನನ್ನ ಕೈಯಾರೆ 254 ಅಂತ ಒತ್ತುತ್ತಿದ್ದೇನೆ, ಡಿವಿಆರ್ ಮಾತ್ರ ಇನ್ನೂ 1ರಲ್ಲಿದ್ದ ಹಳೇ ರೌಟರನ್ನೇ ಹುಡುಕುತ್ತಾ ಇದೆ!

ಒಂದೇ ನೆಟ್‌ವರ್ಕ್‌ನೊಳಗೆ ಫೋನ್ ಮತ್ತು ಡಿವಿಆರ್ ನೇರವಾಗಿ ಮಾತಾಡಿಕೊಳ್ಳುತ್ತವೆ, ಗೇಟ್‌ವೇ ಬೇಕಾಗಿಲ್ಲ. ಅದಕ್ಕೇ ಒಳಗೆ ಕಾಣುತ್ತಿತ್ತು. ಹೊರಗೆ ಹೋಗೋಕೆ ಮಾತ್ರ ಗೇಟ್‌ವೇ ಬೇಕು. ಅಂದರೆ ಆ ಲೈನ್‌ಗೆ ಪಬ್ಲಿಕ್ ಐಪಿ ಇದ್ದಿದ್ದರೂ ನನ್ನ ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡುತ್ತಿರಲಿಲ್ಲ, ಡಿವಿಆರ್ ಕೊಡುವ ಉತ್ತರ ಯಾರೂ ಇಲ್ಲದ ವಿಳಾಸಕ್ಕೆ ಹೋಗುತ್ತಿತ್ತು. ಎರಡು ತೊಂದರೆ ಒಂದರ ಹಿಂದೆ ಒಂದು ಕೂತಿದ್ದವು. ಗೇಟ್‌ವೇ ಬದಲಾಯಿಸಿದೆ, ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನಲ್ಲೂ ಹಳೇ ನಂಬರೇ ಇತ್ತು, ಅದನ್ನೂ ಬದಲಾಯಿಸಿದೆ. ಒಂದು ನಿಮಿಷದಲ್ಲಿ ಆನ್‌ಲೈನ್ ಬಂತು. ಈಗ ಇಂಥ ಫೋನ್ ಬಂದರೆ ನಾನು ಹೊರಡುವ ಮೊದಲೇ ಎರಡು ಫೋಟೊ ಕಳಿಸಿ ಅಂತೀನಿ: ರೌಟರ್‌ನ ವ್ಯಾನ್ ಪುಟದ್ದು, ಡಿವಿಆರ್‌ನ ನೆಟ್‌ವರ್ಕ್ ಪುಟದ್ದು.

ಆ ಡಿವಿಆರ್‌ನ ಪಾಸ್‌ವರ್ಡ್ 12345. ಇದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು, ಯಾಕೆಂದರೆ ಹಿಂದಿನ ದಿನ ಇಡೀ ಜಗತ್ತಿಗೆ ತೆರೆದಿಡಲು ಒದ್ದಾಡಿದ್ದು ಇದೇ ಪೆಟ್ಟಿಗೆಯನ್ನು. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಇಂಥ ಫ್ಯಾಕ್ಟರಿ ಪಾಸ್‌ವರ್ಡ್‌ಗಳ ಪಟ್ಟಿ ಇಟ್ಟುಕೊಂಡೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರ್‌ಗಳ ಒಳಗೆ ನುಗ್ಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ಪೆಟ್ಟಿಗೆಗಳನ್ನೇ ಬಳಸಿ ಡೈನ್ ಅನ್ನೋ ಡಿಎನ್‌ಎಸ್ ಕಂಪನಿಯ ಮೇಲೆ ದಾಳಿ ಮಾಡಿದಾಗ ದೊಡ್ಡ ದೊಡ್ಡ ವೆಬ್‌ಸೈಟ್‌ಗಳೇ ತೆರೆಯದೆ ಹೋದವು. ಪೋರ್ಟ್ ರೂಲ್ ಎಲ್ಲಾ ಅಳಿಸಿದೆ, ಪಾಸ್‌ವರ್ಡ್ ಬದಲಾಯಿಸಿದೆ, ಫರ್ಮ್‌ವೇರ್ ಅಪ್‌ಡೇಟ್ ಮಾಡಿದೆ.

ಕೊನೆಗೆ ಮಾಲೀಕರನ್ನು ಕರೆದುಕೊಂಡು ಗೇಟಿನ ಆಚೆ ಹೋಗಿ ಮೊಬೈಲ್ ಡೇಟಾದಲ್ಲಿ ಆ್ಯಪ್ ತೆರೆದೆವು. ಚಿತ್ರ ಬಂತು, ಆದರೆ ತಡೆದು ತಡೆದು. ಒಂದೊಂದು ಕ್ಯಾಮೆರಾ 4 ಎಂಬಿಪಿಎಸ್ ಅಂದರೂ 16ಕ್ಕೆ 64 ಬೇಕು, ಆ ಲೈನ್‌ನ ಅಪ್‌ಲೋಡ್ ಅಷ್ಟಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ನೋಡುವಾಗ 512 ಕೆಬಿಪಿಎಸ್‌ನ ಸಬ್ ಸ್ಟ್ರೀಮ್ (ಕಡಿಮೆ ಗುಣಮಟ್ಟದ ಚಿತ್ರ) ಬರುವ ಹಾಗೆ ಮಾಡಿದೆ, ಒಟ್ಟು 8 ಎಂಬಿಪಿಎಸ್ ಸಾಕಾಯಿತು. ಮತ್ತೆ ಗೇಟಿನ ಆಚೆ ಹೋದೆವು. ಈ ಸಲ ಮಾಲೀಕರು ಕೈ ಎತ್ತಿದರು, ಮೂರನೇ ಕ್ಯಾಮೆರಾದಲ್ಲಿ ಅವರ ಕೈ ಎರಡು ಸೆಕೆಂಡ್ ತಡವಾಗಿ ಮೇಲೆದ್ದಿತು.